ರೆಕ್ಕೆಯಿಲ್ಲದ ವಿಮಾನದಲ್ಲಿ ಪಂಕ್ತಿ ಊಟ

ಹರಿಹರ

ನನಗೆ ಪ್ರವಾಸದ ಹುಚ್ಚಿಲ್ಲ. ಇಪ್ಪತ್ತೆರಡು ವರ್ಷ ದಾವಣಗೆರೆಯ ವಿದ್ಯಾನಗರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳಿಗೆ ರಜೆ ಬಂದರೆ ಬೇಕಾಗುವುದು ನಿದ್ದೆ. ಆ ಬೇಸಿಗೆ ಹುಡುಗಿಯರೆಲ್ಲ ಊರಿಗೆ ಹೋದ ಮೇಲೆ ಗೇಟಿಗೆ ಬೀಗ ಹಾಕಿ, ಎರಡು ತಿಂಗಳು ಯಾರ ಮುಖವನ್ನೂ ನೋಡಬಾರದು ಎಂದು ತೀರ್ಮಾನಿಸಿದ್ದೆ. ಮೂರನೆಯ ದಿನ ತಮ್ಮನ ತಂತಿ ಬಂತು. ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದಿದೆ, ಹೋಟೆಲ್ ನೋಡುವವರಿಲ್ಲ, ಟಿಕೆಟ್ ಕಳಿಸುತ್ತೇನೆ, ಬಾ.

ತಮ್ಮ ಚಂದ್ರು ಇದ್ದದ್ದು ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ, ಸಮುದ್ರದ ಪಕ್ಕದ ಒಂದು ಪುಟ್ಟ ವಿಮಾನ ನಿಲ್ದಾಣದಲ್ಲಿ. ಹರಿಹರದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತಿದ್ದ ಹುಡುಗ ವಿಮಾನ ರಿಪೇರಿ ಕಲಿಯಲು ಹೋದವನು ಅಲ್ಲೇ ಉಳಿದ. ಆಮೇಲೆ ರಿಪೇರಿ ಬಿಟ್ಟು, ನಿಲ್ದಾಣದ ಬೋರ್ಡಿನವರ ಕಟ್ಟಡವನ್ನು ಗುತ್ತಿಗೆಗೆ ಹಿಡಿದು ಹೋಟೆಲ್ ಇಟ್ಟ. ಅವನಿಗೆ ಒಂಬತ್ತು ವರ್ಷವಾದಾಗ ನಮ್ಮ ಅಪ್ಪ ಅವ್ವ ತೀರಿಹೋದರು. ಆಗ ನನಗೆ ಹದಿನೇಳು. ನನ್ನ ಮದುವೆ ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ಇದರ ಮೇಲೆ ಬಿಡಿಸಿ ಹೇಳಬೇಕಾಗಿಲ್ಲ.

ಅವನು ದೇಶ ಬಿಟ್ಟ ದಿನ ಹರಿಹರದ ಬಾಡಿಗೆ ಮನೆಯಲ್ಲಿ ನಾನೇ ಅಡಿಗೆ ಮಾಡಿ ಬಡಿಸಿದ್ದೆ. ಅನ್ನ ಕಲಸುತ್ತಿದ್ದಾಗ ಪುಣೆಯ ರೈಲು ಬಂತು ಎಂದು ಯಾರೋ ಕೂಗಿದರು. ನಮ್ಮ ಕಡೆ ರೈಲು ಹೇಳಿದ ವೇಳೆಗೆ ಬಂದದ್ದು ಅವತ್ತೊಂದೇ ದಿನ ಇರಬೇಕು. ಅರ್ಧ ಊಟಕ್ಕೇ ಎದ್ದ, ಕೈ ತೊಳೆದ, ಹೊರಟ. ಸಿಟ್ಟಿನಿಂದ ನಾನು ಆ ತಟ್ಟೆಯನ್ನು ಸಾಯಂಕಾಲದವರೆಗೂ ಎತ್ತಲಿಲ್ಲ.

ಅದಾಗಿ ಹದಿನೈದು ವರ್ಷ; ನಡುವೆ ಎರಡು ಸಲ ಮಾತ್ರ ಬಂದು ಹೋಗಿದ್ದ. ಹೋಟೆಲ್ ನೋಡಿಕೊಳ್ಳುವುದು ನೆಪ; ನಾನು ಹೊರಟದ್ದು ಅವನನ್ನು ಊರಿಗೆ ಕರೆತರಲು. ಕೈಚೀಲದಲ್ಲಿ ಒಂದು ಅರ್ಜಿ ಫಾರಂ ಇಟ್ಟುಕೊಂಡಿದ್ದೆ. ದಾವಣಗೆರೆಯ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಕಲಿಸುವವರ ಜಾಗ ಖಾಲಿ ಇತ್ತು. ಅವನ ಹೆಸರು, ಹುಟ್ಟಿದ ತಾರೀಕು, ಓದು, ಎಲ್ಲ ನಾನೇ ತುಂಬಿ, ಸಹಿಯ ಗೆರೆ ಮಾತ್ರ ಖಾಲಿ ಬಿಟ್ಟಿದ್ದೆ.

ಮಂಡಿಪೇಟೆಯ ಟೇಲರ್ ಮಹಬೂಬ್ ಸಾಬರು ಹಾಸ್ಟೆಲಿನ ಎರಡು ಕಂಬಳಿ ಕತ್ತರಿಸಿ ನನಗೊಂದು ಕೋಟು ಹೊಲಿದರು. ಹಾಕಿಕೊಂಡರೆ ಬಾತಿಯ ಗುಡ್ಡವನ್ನೇ ಹೊತ್ತಂತಿತ್ತು.

"ಅಕ್ಕಾರೆ, ಅಲ್ಲಿ ಥಂಡಿ ಭಾಳ ಐತಂತೆ. ಭಾರ ಇದ್ರೂ ಇರ್ಲಿ, ಫಿಕರ್ ಮಾಡಬ್ಯಾಡ್ರಿ," ಎಂದರು. "ಚಂದ್ರಣ್ಣ ಬರ್ತಾನೇನ್ರಿ?"

"ಕರಕೊಂಡೇ ಬರ್ತೀನಿ. ಬಂದ ಕೂಡ್ಲೆ ಅವಂಗೂ ಒಂದು ಜೊತಿ ಹೊಲೀಬೇಕು."

"ಹಂಗಾದ್ರೆ ಅಳತಿ ತಗೊಂಡು ಬರ್ರಿ. ನನ್ನ ಹತ್ರ ಇರೋದು ಹಳೇ ಅಳತಿ. ಅದು ಈಗ ನಡಿಯಂಗಿಲ್ಲ." ಅಂದವರೇ ಕೊರಳಲ್ಲಿದ್ದ ಟೇಪನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಲಂಡನ್

ಲಂಡನ್ನಿನ ಬಗ್ಗೆ ಕೇಳುವವರಿಗೆ ನಿರಾಸೆಯಾಗುತ್ತದೆ. ನಾನು ನೋಡಿದ್ದು ಒಂದು ಉದ್ದನೆಯ ಸಾಲು ಮತ್ತು ಅದರ ತುದಿಯಲ್ಲಿ ಒಬ್ಬ ಅಧಿಕಾರಿ. ಆತ ನನ್ನ ಚೀಲದಿಂದ ಮಂಡಕ್ಕಿಯ ಗಂಟನ್ನು ಎತ್ತಿದ. ಅಷ್ಟು ದೊಡ್ಡ ಗಂಟು ಅಷ್ಟು ಹಗುರವಾಗಿರುವುದು ಅವನಿಗೆ ಸರಿಕಾಣಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಇನ್ನೊಬ್ಬನನ್ನು ಕರೆದ. ಮೂರನೆಯವಳೂ ಬಂದಳು. ನಾನು ಒಂದು ಮುಷ್ಟಿ ತೆಗೆದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಮೂವರೂ ಒಂದೊಂದೇ ಕಾಳು ಎತ್ತಿ, ನಾವು ತೀರ್ಥ ತೆಗೆದುಕೊಳ್ಳುವ ಹಾಗೆ ಬಾಯಿಗಿಟ್ಟುಕೊಂಡರು. ಆಮೇಲೆ ಕ್ಷಮೆ ಕೇಳಿ ಕಳಿಸಿದರು.

ಅಲ್ಲಿಂದ ಇನ್ನೊಂದು ವಿಮಾನ, ಅಲ್ಲಿಂದ ಮತ್ತೊಂದು. ಕೊನೆಯದು ನಮ್ಮ ಹರಪನಹಳ್ಳಿ ಬಸ್ಸಿಗಿಂತ ಚಿಕ್ಕದು, ಅಲುಗಾಟದಲ್ಲಿ ಅದಕ್ಕೇನೂ ಕಡಿಮೆಯಿಲ್ಲ. ಇಳಿದವಳು ಅಲ್ಲೇ ಪೆಟ್ಟಿಗೆಯ ಮೇಲೆ ಕೂತೆ. ಮಂಡಕ್ಕಿ ಅಷ್ಟರಲ್ಲಿ ಸಮುದ್ರದ ಗಾಳಿಗೆ ಮೆತ್ತಗಾಗಿ ಹತ್ತಿಯಾಗಿತ್ತು.

ಡಕೋಟ

ತಮ್ಮನ ಹೋಟೆಲಿನಲ್ಲಿ ಕೋಣೆಗಳಿಗೆ ನಂಬರಿಲ್ಲ, ಹಳೆಯ ವಿಮಾನಗಳ ಹೆಸರು. ನನಗೆ ಇಟ್ಟಿದ್ದ ಕೋಣೆ 'ಡಕೋಟ'. ನಮ್ಮ ಊರಲ್ಲಿ ಮೂರು ಸಲ ತಳ್ಳಿದರೂ ಹೊರಡದ ಗಾಡಿಗೆ ಡಕೋಟ ಎನ್ನುತ್ತೇವೆ. ಆ ಹೊತ್ತಿಗೆ ನನ್ನ ಸ್ಥಿತಿಗೆ ಅದು ಸರಿಯಾಗಿಯೇ ಇತ್ತು.

ಬೀಗದ ಕೈಗಳಿಗೆ ಎಂಜಿನ್ನಿನ ಚೂರುಗಳನ್ನು ಕಟ್ಟಿದ್ದ. ಯಾರೂ ಮರೆತು ಜೇಬಿನಲ್ಲಿ ಒಯ್ಯುವಂತಿರಲಿಲ್ಲ. ಗೋಡೆಯ ಗಡಿಯಾರಗಳು ವಿಮಾನದ ಮುಂಭಾಗದಿಂದ ಕಿತ್ತವು, ಒಂದೂ ಸಮಯ ಹೇಳುತ್ತಿರಲಿಲ್ಲ, ಎತ್ತರ ಹೇಳುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಹುಚ್ಚು ಅಂಗಳದಲ್ಲಿತ್ತು. ರೆಕ್ಕೆ ಕತ್ತರಿಸಿದ, ಎಂಜಿನ್ ತೆಗೆದ ಒಂದು ನಿಜವಾದ ವಿಮಾನ. ಅದೇ ಊಟದ ಮನೆ. ಮೆಟ್ಟಿಲು ಹತ್ತಿ ಒಳಗೆ ಹೋದರೆ ನಡುವೆ ಓಣಿ, ಎರಡೂ ಕಡೆ ಎಂಟೆಂಟು ಸೀಟು, ಎಲ್ಲರ ಮುಖವೂ ಒಂದೇ ದಿಕ್ಕಿಗೆ. ಅದರ ಬಾಲಕ್ಕೆ ಬಣ್ಣ ಹಚ್ಚುವಾಗಲೇ ಅವನು ಬಿದ್ದದ್ದು. ಕುಂಟನಿಗೆ ಎಂಟು ಚೇಷ್ಟೆ ಎನ್ನುತ್ತಾರೆ. ಇವನು ಚೇಷ್ಟೆ ಮೊದಲು ಮಾಡಿ ಆಮೇಲೆ ಕುಂಟನಾದ.

ಹೋಟೆಲಿನಲ್ಲಿ ಇದ್ದವಳು ಮಾರ್ಗರೇಟ್ ಒಬ್ಬಳೇ. ಅರವತ್ತು ದಾಟಿದ ಹೆಂಗಸು, ಬಾಯಲ್ಲಿ ಸದಾ ಸಿಗರೇಟು, ಕೋಣೆ ಗುಡಿಸುವುದರಿಂದ ಮೊಟ್ಟೆ ಬೇಯಿಸುವವರೆಗೆ ಎಲ್ಲ ಅವಳದೇ. ನನ್ನ ಕೋಟನ್ನು ಮುಟ್ಟಿ ನೋಡಿ, ಇದನ್ನು ಹೊಲಿದವನಿಗೆ ನಮ್ಮ ಊರಿನ ಗಾಳಿ ಗೊತ್ತಿದೆ ಎಂದಳು. ಅವತ್ತಿನಿಂದ ನಮ್ಮಿಬ್ಬರಿಗೂ ಹೊಂದಿತು.

ಮೊದಲ ದಿನವೇ ನಿಲ್ದಾಣದ ಮುಖ್ಯಸ್ಥ ಹ್ಯಾರಿಸ್ ಬಂದ. ತೆಳ್ಳಗಿನ ಮನುಷ್ಯ, ಮಾತಾಡುವಾಗಲೂ ಒಂದು ಕಣ್ಣು ಆಕಾಶದ ಮೇಲೆ. ವಿಷಯ ಎರಡೇ ಎಂದ. ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತದೆ, ಬೋರ್ಡು ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ಅವನು ಬರೆಯುವ ವರದಿ ನೋಡಿ ತೀರ್ಮಾನಿಸುತ್ತದೆ. ಎರಡನೆಯದು, ವಿಮಾನಗಳಿಗೆ ದಾರಿ ಹೇಳುವ ಗೋಪುರದಿಂದ ಫೋನು ಬಂದ ಹತ್ತು ನಿಮಿಷದೊಳಗೆ ಪ್ರಯಾಣಿಕರು ವಿಮಾನದ ಬಳಿ ಇರಬೇಕು. ಇಲ್ಲಿ ಆಕಾಶ ತೆರೆದಿರುವುದು ಸ್ವಲ್ಪ ಹೊತ್ತು ಮಾತ್ರ.

ಅಲ್ಲಿಂದ ವಿಮಾನ ಹೋಗುವುದು ದ್ವೀಪಗಳಿಗೆ, ಇಲ್ಲವೇ ದಕ್ಷಿಣದ ಪಟ್ಟಣಗಳಿಗೆ. ದಿನಕ್ಕೆ ಎರಡು, ಅದೂ ಮಂಜು ಬಿಟ್ಟರೆ. ಜನ ಬಂದು ಕೂತು ಕಾಯುವುದೇ ಆ ಹೋಟೆಲಿನ ವ್ಯಾಪಾರ. ಅವರು ಕಾಯುವ ರೀತಿಯೇ ನನಗೆ ವಿಚಿತ್ರ. ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕೂತರೆ ಪಕ್ಕದವರ ಊರು, ಮಕ್ಕಳು, ಮೂಲವ್ಯಾಧಿ ಎಲ್ಲ ತಿಳಿಯುತ್ತದೆ. ಇಲ್ಲಿ ಎರಡು ದಿನ ಒಂದೇ ಸೋಫಾದಲ್ಲಿ ಕೂತವರು ಹೆಸರು ಕೇಳದೆ ಹೋಗುತ್ತಿದ್ದರು. ಮಾತೆಂದರೆ ಹವೆಯದು. ಕಿಟಕಿಯಾಚೆ ಕಂಬದ ಮೇಲೆ ಗಾಳಿ ತೋರಿಸುವ ಬಟ್ಟೆಯ ಚೀಲ, ಮಹಬೂಬ್ ಸಾಬರು ಕೋಟಿಗೆ ಜೋಡಿಸಲು ಮರೆತ ತೋಳಿನ ಹಾಗೆ. ಅದನ್ನೇ ನೋಡುತ್ತ ಕೂರುತ್ತಿದ್ದರು. ಯಾರೂ ಗೊಣಗುತ್ತಿರಲಿಲ್ಲ. ಗೊಣಗದವರ ಜೊತೆ ಇರುವುದು ಇಷ್ಟು ದಣಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೊತ್ತೇ ಮುಳುಗದ ಊರು. ರಾತ್ರಿ ಹತ್ತಕ್ಕೂ ಬಿಸಿಲು. ಊರು ಬಿಟ್ಟು ಬಂದು ಹಗಲನ್ನು ಇನ್ನಷ್ಟು ಉದ್ದ ಮಾಡಿಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಪಟ್ಟಣದ ಆಸ್ಪತ್ರೆಗೆ ಹೋಗಿ ತಮ್ಮನನ್ನು ನೋಡಿ ಬರುತ್ತಿದ್ದೆ. ಅವನು ಹೋಟೆಲಿನ ಸುದ್ದಿ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಫಾರಂ ಚೀಲದಲ್ಲೇ ಇತ್ತು, ತೆಗೆಯುವ ಹೊತ್ತು ಬಂದಿರಲಿಲ್ಲ.

ಮೂರನೆಯ ವಾರ, ಮಂಜು

ಆ ವಾರ ಮಂಜು ಎರಡು ದಿನ ಕದಲಲಿಲ್ಲ. ಹದಿನಾಲ್ಕು ಜನ ಪ್ರಯಾಣಿಕರು ಸಿಕ್ಕಿಬಿದ್ದರು, ಅವರ ಜೊತೆ ಪೈಲಟ್ಟೂ. ರೊಟ್ಟಿಯ ವ್ಯಾನು ಬರಲಿಲ್ಲ. ಮೊಟ್ಟೆ ಮುಗಿಯಿತು. ಮಾರ್ಗರೇಟ್ ಎರಡೂ ಕೈ ಚೆಲ್ಲಿ ನನ್ನ ಮುಖ ನೋಡಿದಳು.

ನೂರಿಪ್ಪತ್ತು ಹುಡುಗಿಯರಿಗೆ ಹೊತ್ತು ಹೊತ್ತಿಗೆ ಬಡಿಸಿದವಳಿಗೆ ಹದಿನೈದು ಜನ ಯಾವ ಲೆಕ್ಕ. ಅಕ್ಕಿ ಇತ್ತು, ಆಲೂಗಡ್ಡೆ ಇತ್ತು, ನಾನು ತಂದಿದ್ದ ಬೇಳೆ, ಸಾರಿನ ಪುಡಿ, ಶೇಂಗಾ ಚಟ್ನಿಪುಡಿ ಇದ್ದವು. ಮಧ್ಯಾಹ್ನ ಎಲ್ಲರನ್ನೂ ಆ ವಿಮಾನದೊಳಗೆ ಕೂರಿಸಿದೆ. ಮಾರ್ಗರೇಟ್ ನೆಲ ಒರೆಸುವ ಹೊಸ ಬಕೆಟ್ಟನ್ನು ತೊಳೆದು ಅದರಲ್ಲಿ ಸಾರು ತುಂಬಿ ನಡುವಿನ ಓಣಿಗೆ ತಂದಳು. ನಾನು ಅನ್ನ ಹಿಡಿದು ಮುಂದೆ ನಡೆದೆ. ಬೇಕೇ ಎಂದು ಯಾರನ್ನೂ ಕೇಳಲಿಲ್ಲ. ಪಂಕ್ತಿಯಲ್ಲಿ ಕೇಳುವ ಪದ್ಧತಿ ಇಲ್ಲ. ಬಂದ ಮೇಲೆ ಅವತ್ತೇ ಮೊದಲ ಸಲ ನನಗೆ ಆಯಾಸ ಮರೆತುಹೋಯಿತು. ಎರಡು ದಿನ ಬಾಯಿ ಬಿಡದ ಜನ ಸಾರಿನ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಒಬ್ಬರಿಗೊಬ್ಬರು ನೀರು ದಾಟಿಸತೊಡಗಿದರು.

ಆಗ ಫೋನು ಬಂತು. ಮಂಜು ಸರಿದಿದೆ, ಹತ್ತು ನಿಮಿಷ.

ಎಲ್ಲರೂ ಅರ್ಧ ಎದ್ದರು. ಕೊನೆಯ ಸೀಟಿನಲ್ಲಿ ಒಬ್ಬ ಮುದುಕ ಇದ್ದ. ಎಂಬತ್ತರ ಮೇಲಿನವನು, ಹಲ್ಲಿಲ್ಲ, ಅನ್ನವನ್ನು ಚಮಚದಲ್ಲಿ ಹಿಸುಕಿ ಹಿಸುಕಿ ನಿಧಾನಕ್ಕೆ ತಿನ್ನುತ್ತಿದ್ದ. ಅವನ ತಟ್ಟೆ ಮುಕ್ಕಾಲು ತುಂಬಿತ್ತು. ನಮ್ಮಲ್ಲಿ ಕೊನೆಯವರ ಊಟ ಮುಗಿಯದೆ ಪಂಕ್ತಿಯಿಂದ ಯಾರೂ ಏಳುವುದಿಲ್ಲ. ಎದ್ದರೆ ಉಣ್ಣುತ್ತಿರುವವರಿಗೆ ಅವಮಾನ. ನನ್ನ ಹಾಸ್ಟೆಲಿನಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಹುಡುಗಿಯೂ ಎದ್ದಿಲ್ಲ.

ನಾನು ಓಣಿಯಲ್ಲಿ ಅಡ್ಡ ನಿಂತು, "ಕೂಡ್ರಿ," ಎಂದೆ.

ಕನ್ನಡದಲ್ಲೇ ಹೇಳಿದ್ದು. ಬೇರೆ ಭಾಷೆ ಆ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲ. ಎದ್ದವರೆಲ್ಲ ಕೂತರು. ಪೈಲಟ್ಟೂ ಕೂತ.

ಮುದುಕ ಮುಗಿಸಲು ಇಪ್ಪತ್ತೈದು ನಿಮಿಷ ತೆಗೆದುಕೊಂಡ. ನಡುವೆ ಫೋನು ಎರಡು ಸಲ ಬಡಿದುಕೊಂಡಿತು. ಕೊನೆಗೆ ಎಲ್ಲರೂ ಎದ್ದು ವಿಮಾನದ ಬಳಿಗೆ ನಡೆಯುವಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ಮತ್ತೆ ಬಂದು ಕಂಬದ ಮೇಲಿನ ಚೀಲವನ್ನು ನುಂಗಿತು. ಅವತ್ತು ವಿಮಾನ ಹಾರಲಿಲ್ಲ.

ಹ್ಯಾರಿಸ್ ಬಂದು ಕೂಗಾಡಲಿಲ್ಲ. ಆ ಜನರಿಗೆ ಸಿಟ್ಟು ಬಂದರೆ ದನಿ ಇನ್ನೂ ಇಳಿಯುತ್ತದೆ. "ಇದನ್ನು ನಾನು ಬೋರ್ಡಿಗೆ ಬರೆಯಬೇಕಾಗುತ್ತದೆ," ಎಂದು ಹೇಳಿ ಹೋದ.

ಪ್ರಯಾಣಿಕರಲ್ಲಿ ಒಬ್ಬಾಕೆ ದ್ವೀಪದಲ್ಲಿರುವ ಮಗಳ ಹೆರಿಗೆಗೆ ಹೊರಟಿದ್ದಳು. ಸಂಜೆ ಫೋನಿನಲ್ಲಿ ಮಗು ಹುಟ್ಟಿದ ಸುದ್ದಿ ಬಂತು. ಅವಳು ಫೋನು ಇಟ್ಟು, ಕಣ್ಣೊರೆಸಿಕೊಂಡು, ತೊಂದರೆ ಕೊಟ್ಟೆ ಎಂದು ನನ್ನಲ್ಲೇ ಕ್ಷಮೆ ಕೇಳಿದಳು. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಕೋಣೆಗೆ ಹೋಗಿ ಮಂಚದ ಮೇಲೆ ಕೂತಾಗ ಇನ್ನೊಂದು ಮಾತೂ ಹೊಳೆಯಿತು. ಇನ್ನು ಗುತ್ತಿಗೆ ಹೋಯಿತು. ಹೋಟೆಲ್ ಹೋದರೆ ಚಂದ್ರು ಊರಿಗೆ ಬರಲೇಬೇಕು. ನನಗೆ ಒಳಗೊಳಗೇ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಆಸ್ಪತ್ರೆ

ಮಾರನೆಯ ದಿನ ಆಸ್ಪತ್ರೆಗೆ ಹೋಗುವಾಗ ಬಸ್ಸಿನಲ್ಲಿ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಸುದ್ದಿ ನನಗಿಂತ ಮೊದಲೇ ಅವನಿಗೆ ಮುಟ್ಟಿತ್ತು. ಕಾಲನ್ನು ಮೇಲಕ್ಕೆ ತೂಗುಹಾಕಿಕೊಂಡು ಗೋಡೆ ನೋಡುತ್ತ ಮಲಗಿದ್ದ.

"ಏನ್ ಮಾಡಿದಿ ಅಕ್ಕ," ಎಂದ. ಪ್ರಶ್ನೆಯ ದನಿಯಲ್ಲ ಅದು.

"ಮುದುಕಪ್ಪ ಉಣ್ತಿದ್ದ. ನಡುವೆ ಎಬ್ಬಿಸೋಕಾಗ್ತದೇನು?"

"ಎಬ್ಬಿಸಬೇಕಿತ್ತು. ಅದೇ ನನ್ನ ಕೆಲ್ಸ. ಜನ ಹೊರಡೋ ಜಾಗದಾಗ ಕೂತು ಅವರನ್ನ ಹೊರಡಿಸೋದು."

ನಾನು ಫಾರಂ ತೆಗೆದು ಅವನ ಎದೆಯ ಮೇಲಿಟ್ಟೆ. "ಹೋಗ್ಲಿ ಬಿಡು ಆ ಹೋಟ್ಲು. ನಮ್ಮ ಊರಾಗ ಕೆಲ್ಸ ಐತೆ, ವಿದ್ಯಾನಗರದಾಗೆ ಮನಿ ನೋಡೀನಿ. ಇಲ್ಲಿ ಯಾರ್ ಅದಾರ ನಿನಗ? ಸಹಿ ಹಾಕು."

ಅವನು ಫಾರಂ ಎತ್ತಿ ಮೊದಲಿನಿಂದ ಕೊನೆಯವರೆಗೂ ಓದಿದ. ಹಿಂದೆ ತಿರುಗಿಸಿ ಅದನ್ನೂ ಓದಿದ. ಆಮೇಲೆ ಬೆರಳಿಟ್ಟು ತೋರಿಸಿದ.

"ಇಲ್ನೋಡು. ವಯಸ್ಸು ಮೂವತ್ತೈದು ಮೀರಿರಬಾರದು ಅಂತ ಐತೆ."

"ಹೂಂ."

"ನನಗೆ ಮೂವತ್ತೆಂಟು, ಅಕ್ಕ."

ಆ ಸಾಲನ್ನು ನಾನು ಹತ್ತು ಸಲವಾದರೂ ಓದಿದ್ದೆ. ಹುಟ್ಟಿದ ತಾರೀಕನ್ನು ನನ್ನ ಕೈಯಾರೆ ಬರೆದಿದ್ದೆ. ಲೆಕ್ಕ ಹಾಕಿರಲಿಲ್ಲ. ನನ್ನ ಮನಸ್ಸಿನಲ್ಲಿ ಅವನು ಅನ್ನದ ತಟ್ಟೆಯ ಮುಂದೆ ಇಪ್ಪತ್ಮೂರರಲ್ಲೇ ಕೂತಿದ್ದ. ಮಂಚದ ಮೇಲೆ ಮಲಗಿದ್ದವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮೂರು ವಾರದಿಂದ ನೋಡುತ್ತಿದ್ದರೂ ನಾನು ಅದನ್ನು ನೋಡಿರಲಿಲ್ಲ.

"ಅವತ್ತು ನೀ ಹೋದ ಮ್ಯಾಲೆ ತಟ್ಟಿ ಸಾಯಂಕಾಲದ ತನಕ ಎತ್ತಲಿಲ್ಲ ನಾನು," ಎಂದೆ.

"ಗೊತ್ತು. ಮೊದಲ್ನೇ ಸಲ ಊರಿಗೆ ಬಂದಾಗ ಹೇಳಿದ್ದಿ. ಎರಡನೇ ಸಲ ಬಂದಾಗಲೂ ಹೇಳಿದ್ದಿ." ಅವನು ನಕ್ಕ. ಆಮೇಲೆ ನಗು ಬಿಟ್ಟ. "ಏಳದಿದ್ರೆ ರೈಲು ಹೋಗ್ತಿತ್ತು ಅಕ್ಕ. ಈಗ ಆ ಹೋಟ್ಲೂ ಹೋದ್ರೆ ನನಗೆ ಅಲ್ಲೂ ಜಾಗ ಇಲ್ಲ, ಇಲ್ಲೂ ಇಲ್ಲ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಮಹಬೂಬ್ ಸಾಬರ ಟೇಪು ತೆಗೆದು ಅವನ ಭುಜ, ಎದೆ, ತೋಳು ಅಳೆದೆ. ಅವನು ತಾನಾಗಿಯೇ ತೋಳು ಚಾಚಿದ. ಎದೆ ನನಗೆ ಬಾಯಿಪಾಠವಿದ್ದ ಹಳೆಯ ಅಳತೆಗಿಂತ ನಾಲ್ಕು ಇಂಚು ಹೆಚ್ಚಿತ್ತು.

ಗೋಪುರ

ಹ್ಯಾರಿಸ್ ಕೂರುವ ಗೋಪುರಕ್ಕೆ ಕಬ್ಬಿಣದ ಮೆಟ್ಟಿಲು. ನಡುವೆ ಎರಡು ಸಲ ನಿಂತೆ. ಮೊಣಕಾಲಿಗೊಂದು ಸಲ, ಮನಸ್ಸಿಗೊಂದು ಸಲ. ಊರಿಗೆ ಹೋಗಿ ಮಲಗಬೇಕು, ಇದೆಲ್ಲ ನನಗೆ ಯಾಕೆ ಎನಿಸಿತು. ಆದರೆ ಮಾಡಿದ್ದುಣ್ಣೋ ಮಹರಾಯ. ತಪ್ಪು ನಾನು ಮಾಡಿ ತಮ್ಮ ಉಣ್ಣುವುದು ಎಲ್ಲಿಯ ನ್ಯಾಯ.

"ತಪ್ಪು ನನ್ನದು. ನನ್ನ ತಮ್ಮನದಲ್ಲ," ಎಂದೆ. ಪಂಕ್ತಿಯ ಪದ್ಧತಿಯನ್ನು ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ.

ಆತ ಆಕಾಶದ ಮೇಲಿನ ಕಣ್ಣು ತೆಗೆದು ನನ್ನನ್ನು ನೋಡಿದ. "ಎದ್ದು ಹೋಗುವವರಿಗೆ ಅವಸರದ ಕೆಲಸವಿದ್ದರೂ ಏಳುವಂತಿಲ್ಲವೇ?"

"ಇಲ್ಲ."

"ಅದು ಕಷ್ಟವಲ್ಲವೇ?"

ಈ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. "ಕಷ್ಟವೇ," ಎಂದೆ. "ತಮ್ಮ ಕೋಲು ಹಿಡಿದು ನಿಂತ ದಿನ ನಾನು ಹೊರಡುತ್ತೇನೆ. ಅಲ್ಲಿಯವರೆಗೆ ಫೋನು ಬಂದ ಐದು ನಿಮಿಷಕ್ಕೆ ನಿಮ್ಮ ಜನ ಹೊರಗಿರುತ್ತಾರೆ. ಇರದಿದ್ದರೆ ಬರೆಯಿರಿ."

ಮಾರ್ಗರೇಟ್ ಎಲ್ಲಿಂದಲೋ ಒಂದು ಹಳೆಯ ಹಡಗಿನ ಗಂಟೆ ತಂದಳು. ಅದನ್ನು ಊಟದ ವಿಮಾನದ ಬಾಗಿಲಿಗೆ ಕಟ್ಟಿದೆವು. ಫೋನು ಬಂದರೆ ನಾನೇ ಬಾರಿಸುತ್ತಿದ್ದೆ. ಜನ ಬಾಯಲ್ಲಿ ತುತ್ತು ಇಟ್ಟುಕೊಂಡೇ ಎದ್ದು ಹೋಗುತ್ತಿದ್ದರು. ಅರ್ಧ ತುಂಬಿದ ತಟ್ಟೆಗಳನ್ನು ಎತ್ತುವಾಗ ಮೊದಮೊದಲು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದೆ. ಒಂದೇ ವಾರದಲ್ಲಿ ರೂಢಿಯಾಯಿತು. ಆ ಮುದುಕ ದ್ವೀಪದಿಂದ ಹಿಂತಿರುಗುವಾಗ ಮತ್ತೆ ಬಂದ. ಗಂಟೆ ಬಾರಿಸಿದಾಗ ಅವನು ಚಮಚ ಕೆಳಗಿಟ್ಟು ಎಲ್ಲರಿಗಿಂತ ಮೊದಲು ಎದ್ದು, ನನಗೊಂದು ನಮಸ್ಕಾರ ಹೇಳಿ ಹೋದ. ಅವನಿಗೆ ಯಾವ ಅವಮಾನವೂ ಆದಂತೆ ಕಾಣಲಿಲ್ಲ.

ತಿಂಗಳ ಕೊನೆಗೆ ಬೋರ್ಡಿನ ಕಾಗದ ಬಂತು. ಗುತ್ತಿಗೆ ಮುಂದುವರಿದಿತ್ತು. ಕಾಗದವನ್ನು ಆಸ್ಪತ್ರೆಗೆ ನಾನೇ ಒಯ್ದೆ. ಚಂದ್ರು ಓದಿ, ಮಡಿಸಿ, ದಿಂಬಿನ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡ. ಅವನಿಗೆ ಸಂತೋಷ. ನನಗೆ ಅಳು ಬಂತು, ತಡೆಯಲಿಲ್ಲ.

ನಾನು ಹೊರಟ ದಿನ ಅವನು ಎರಡು ಕೋಲಿನ ಮೇಲೆ ನಿಂತು ಗಂಟೆ ಬಾರಿಸಿದ. ಅರ್ಧ ಊಟಕ್ಕೆ ಏಳಬಾರದೆಂದು ಅವತ್ತು ನಾನು ಊಟಕ್ಕೇ ಕೂತಿರಲಿಲ್ಲ. ಹಠ ಅಂದರೆ ಹಠ. ಮಾರ್ಗರೇಟ್ ರೊಟ್ಟಿ ಬೆಣ್ಣೆ ಕಟ್ಟಿ ಕೋಟಿನ ಜೇಬಿಗೆ ತುರುಕಿದಳು. ಮಂಜಿರಲಿಲ್ಲ.

ವಿದ್ಯಾನಗರ

ಊರಿಗೆ ಬಂದು ಮಹಬೂಬ್ ಸಾಬರಿಗೆ ಟೇಪು, ಅಳತೆಯ ಚೀಟಿ ಎರಡನ್ನೂ ಕೊಟ್ಟೆ. "ಚಂದ್ರಣ್ಣ ಎಲ್ಲಿ?" ಎಂದರು. "ಅಲ್ಲೇ ಅದಾನ. ಕೋಟು ಹೊಲೀರಿ, ಪಾರ್ಸೆಲ್ ಮಾಡ್ತೀನಿ," ಎಂದೆ. ಅವರು ಚೀಟಿ ನೋಡಿ, "ಎದಿ ಅಗಲ ಆಗೈತೆ," ಎಂದರು, ಅಷ್ಟೆ.

ಹಾಸ್ಟೆಲ್ ತೆರೆಯಿತು. ಗದ್ದಲ, ಗೇಟು, ಹಾಜರಿ, ಎಲ್ಲ ಮೊದಲಿನಂತೆ. ನನ್ನ ದಣಿವೂ ಮೊದಲಿನಂತೆ. ಒಂದು ಶನಿವಾರ ಮಧ್ಯಾಹ್ನ ಬಡಿಸುತ್ತ ಸಾಲಿನ ನಡುವೆ ಹೋಗುತ್ತಿದ್ದೆ. ಉಕ್ಕಡಗಾತ್ರಿಯ ಒಬ್ಬ ಹುಡುಗಿ, ಹೊಸದಾಗಿ ಸೇರಿದವಳು, ಅನ್ನದಲ್ಲಿ ಕೈ ಇಟ್ಟುಕೊಂಡು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಊರಿಗೆ ಹೋಗುವ ಚೀಲ ಕಾಲ ಬಳಿ ಸಿದ್ಧವಿತ್ತು. ಸಾಲಿನ ತುದಿಯಲ್ಲಿ ಇನ್ನೂ ಐದಾರು ಜನಕ್ಕೆ ಸಾರು ಬಿದ್ದಿರಲಿಲ್ಲ.

"ಯಾಕ, ಏನಾತು?" ಎಂದೆ.

"ಏನಿಲ್ರೀ. ಬಸ್ಸು... ಇರ್ಲಿ ಬಿಡ್ರಿ, ನಾಳೆ ಹೋಗ್ತೀನಿ." ಹಾಸ್ಟೆಲಿನ ನಿಯಮವನ್ನು ದೊಡ್ಡ ಹುಡುಗಿಯರು ಅವಳಿಗೆ ಆಗಲೇ ಹೇಳಿಕೊಟ್ಟಿದ್ದರು.

"ಏಳವ್ವ," ಎಂದೆ. "ಕೈ ತೊಳ್ಕೊಂಡು ಹೋಗು."

ಇಡೀ ಸಾಲು ತುತ್ತು ನಿಲ್ಲಿಸಿ ನನ್ನನ್ನು ನೋಡಿತು. ಹುಡುಗಿ ತಟ್ಟೆಯನ್ನೂ ನನ್ನ ಮುಖವನ್ನೂ ನೋಡುತ್ತ ಅರ್ಧ ಎದ್ದು ನಿಂತಿದ್ದಳು.

"ಹೋಗು. ತಟ್ಟಿ ನಾ ಎತ್ತತೀನಿ."

ಅವಳು ಓಡಿದಳು. ಗೇಟು ದಾಟುವ ಮೊದಲೇ ಆ ತಟ್ಟೆಯನ್ನು ಎತ್ತಿದೆ.